ಎಳ್ಳಮಾವಾಸ್ಯೆಗೆ ಮೂರು ದಿನ ಮೊದಲು

ಮಂಗಳೂರಿನಲ್ಲಿ ಪುಕ್ಕಟೆ ಸಿಗುವುದು ಬಿಸಿಲು ಮತ್ತು ಬೆವರು, ಎರಡೇ ಎಂದು ನನ್ನ ಅಪ್ಪ ಹೇಳುತ್ತಿದ್ದ. ಅವನ ಮಟ್ಟಿಗೆ ಪುತ್ತೂರೇ ಭೂಮಿಯ ಅಂಚು. ಅಡಿಕೆ ಕೊಡುವುದಕ್ಕೆ, ಹಲ್ಲು ಕೀಳಿಸುವುದಕ್ಕೆ, ಕೊಡೆಗೆ ಕಡ್ಡಿ ಹಾಕಿಸುವುದಕ್ಕೆ ಪುತ್ತೂರು ಸಾಕಾಗುವಾಗ ಅದರಾಚೆ ಮತ್ತೆ ಮೂವತ್ತು ಮೈಲು ಬಸ್ಸಿನಲ್ಲಿ ಕುಲುಕಿಕೊಂಡು ಹೋಗುವವರಿಗೆ ಬೇರೆ ಕೆಲಸವಿಲ್ಲ ಎನ್ನುವುದು ಅವನ ಸಿದ್ಧಾಂತ. ಅಂಥವನ ಮಗಳಾದ ನಾನು ಟೀಚರ್ ಟ್ರೈನಿಂಗಿಗೆಂದು ಎರಡು ವರ್ಷ ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಅರವತ್ತರ ದಶಕದ ಮೊದಮೊದಲ ವರ್ಷಗಳು. ಆಗ ಸುಳ್ಯ, ಕಡಬ ಎಲ್ಲ ಪುತ್ತೂರು ತಾಲೂಕಿಗೇ ಸೇರಿದ್ದವು. ನಮ್ಮ ಮನೆ ಪೆರಾಬೆಯಿಂದ ಕುಮಾರಧಾರೆ ಹೊಳೆಗೆ ಇಳಿಯುವ ದಾರಿಯಲ್ಲಿತ್ತು.

ನಮ್ಮ ಮನೆಮಾತು ಅರೆಭಾಷೆ. ಅವ್ವ ಆಡಿದ್ದನ್ನು ಆಡಿದ ಹಾಗೇ ಬರೆದರೆ ಘಟ್ಟದ ಮೇಲಿನವರು ಕಣ್ಣುಕಣ್ಣು ಬಿಟ್ಟಾರು. ಹಾಗಾಗಿ ಪುತ್ತೂರು ಪೇಟೆಯಲ್ಲಿ ಅವಳು ಆಡುತ್ತಿದ್ದ ಕನ್ನಡದಲ್ಲೇ ಬರೆಯುತ್ತೇನೆ. ಅವಳು ಕ್ಷಮಿಸುತ್ತಾಳೆ. ಕ್ಷಮಿಸುವುದಕ್ಕೆ ಅವಳಿಗೆ ಇದಕ್ಕಿಂತ ದೊಡ್ಡ ಸಂಗತಿಗಳು ನನ್ನಿಂದ ಸಿಕ್ಕಿವೆ.

ಅವ್ವ ಸಮುದ್ರ ನೋಡಿರಲಿಲ್ಲ. ಬಹಳ ಕಾಲ ನೋಡಬೇಕು ಅನ್ನಿಸಿಯೂ ಇರಲಿಲ್ಲ. ನಾನು ಎಂಟು ವರ್ಷದವಳಿದ್ದಾಗ ಅವಳ ತಾಯಿ, ನನ್ನ ಅಜ್ಜಿ, ತೀರಿಹೋದರು. ಅಸ್ಥಿಯನ್ನು ನಮ್ಮ ಹೊಳೆಯ ಕಡವಿನಲ್ಲಿ, ದೋಣಿ ದಾಟುವ ಜಾಗದಲ್ಲಿ ಬಿಟ್ಟರು. ಅವ್ವ ನನ್ನ ಕೈ ಹಿಡಿದುಕೊಂಡು ದಡದಲ್ಲಿ ನಿಂತಿದ್ದಳು. ಎಲ್ಲರೂ ಮಿಂದು ಹೊರಟ ಮೇಲೂ ಅವಳು ಹೊರಡಲಿಲ್ಲ. ದೋಣಿಯವನನ್ನು ಕೇಳಿದಳು, "ಈ ನೀರು ಎಲ್ಲಿಗೆ ಹೋಗುದು?" ಅವನು, "ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರ್ತದೆ, ಮತ್ತೆ ಮಂಗಳೂರಲ್ಲಿ ಸಮುದ್ರಕ್ಕೆ" ಎಂದ. ಅವ್ವನ ತಲೆಯಲ್ಲಿ ಆ ದಿನದಿಂದ ಅಜ್ಜಿಯ ವಿಳಾಸ ಮಂಗಳೂರು. ಒಂದು ಸಲ ಆ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟೇ ಅವಳ ಆಸೆ. ನಾನು ಮಂಗಳೂರಿಗೆ ಹೊರಟಾಗ ಊರಿನವರೆಲ್ಲ ನೌಕರಿಯ ಮಾತಾಡಿದರೆ ಅವಳು ಮಾತ್ರ, "ಹಾಸ್ಟೆಲಿಂದ ಸಮುದ್ರ ಎಷ್ಟು ದೂರ ಉಂಟು?" ಎಂದು ಕೇಳಿದ್ದಳು.

ಆದರೆ ಅದಕ್ಕೊಂದು ಕಟ್ಟಳೆ. ಸಮುದ್ರವನ್ನು ನೋಡುವುದಕ್ಕೆ ಯಾವ ದಿನವಾದರೂ ಆದೀತು. ಮುಟ್ಟುವುದು ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದ ದಿನ ಮಾತ್ರ. ಅಶ್ವತ್ಥ ಮರವನ್ನು ಶನಿವಾರ ಬಿಟ್ಟು ಬೇರೆ ದಿನ ಮುಟ್ಟಬಾರದಲ್ಲ, ಹಾಗೆ. ನಮ್ಮ ಕಡೆಯ ಹಿರಿಯರಿಗೆಲ್ಲ ಇದು ಗೊತ್ತು. ಅವ್ವನಿಗೆ ಇದನ್ನು ಕಲಿಸಿದವರು ಅಜ್ಜಿಯೇ. ಸಮುದ್ರವನ್ನೇ ಕಾಣದ ಅಜ್ಜಿ, ಸಮುದ್ರವನ್ನೇ ಕಾಣದ ಮಗಳಿಗೆ, ಮುಟ್ಟುವ ನಿಯಮ ಮಾತ್ರ ಚಾಚೂ ತಪ್ಪದೆ ಕಲಿಸಿಟ್ಟಿದ್ದರು. ಪರ್ವಗಳಲ್ಲಿಯೂ ಸಮುದ್ರಸ್ನಾನಕ್ಕೆ ಮಾರ್ಗಶಿರ ಮಾಸದ ಎಳ್ಳಮಾವಾಸ್ಯೆ ವಿಶೇಷವೆಂದು ಅವ್ವನ ನಂಬಿಕೆ.

ನನ್ನ ಎರಡನೆಯ ವರ್ಷದಲ್ಲಿ ಅವ್ವನಿಂದ ಸುದ್ದಿ ಬಂತು, ಅಂದರೆ ಅಪ್ಪನ ಕೈಬರಹದಲ್ಲಿ. "ನಿನ್ನ ಅವ್ವನಿಗೆ ಎಳ್ಳಮಾಸೆಗೆ ಅಲ್ಲಿಗೆ ಬರಬೇಕಂತೆ. ಯಾವ ವಾರ ಬೀಳ್ತದೆ ನೋಡಿ ಬರೆ. ನನಗೆ ತಲೆ ಕೆಟ್ಟಿಲ್ಲ, ನಾನು ಬರುವುದಿಲ್ಲ." ಹಾಸ್ಟೆಲಿನ ಊಟದ ಕೋಣೆಯಲ್ಲಿ ಕ್ಯಾಲೆಂಡರ್ ಇತ್ತು. ನೋಡಿದೆ. ಬುಧವಾರ. ಬುಧವಾರ ನನಗೆ ಪಾಠವಿತ್ತು. ಹಾಸ್ಟೆಲಿನ ವಾರ್ಡನ್ ನಮ್ಮನ್ನು ಹೊರಗೆ ಬಿಡುತ್ತಿದ್ದದ್ದು ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗ್ಗಿನವರೆಗೆ ಮಾತ್ರ. ಬುಧವಾರ ಎಂದು ಬರೆದರೆ ಅವ್ವ ಬರುತ್ತಾಳೆ, ನಾನು ಕ್ಲಾಸಿನಲ್ಲಿರುತ್ತೇನೆ. ಒಂದು ವರ್ಷದಿಂದ ನಾನೊಬ್ಬಳೇ ನೋಡಿ ನೋಡಿ ಸಾಕಾದ ಊರನ್ನೆಲ್ಲ ಅವಳಿಗೆ ತೋರಿಸಬೇಕೆಂದು ನನಗೆ ಜೀವ ಹೋಗುವಷ್ಟು ಆಸೆ. ಅಮಾವಾಸ್ಯೆ ಮೂರು ದಿನ ಹಿಂದೆ ಸರಿದರೆ ಯಾರಪ್ಪನ ಗಂಟು ಹೋಗುತ್ತದೆ? ಮನೆಯಲ್ಲಿ ಕ್ಯಾಲೆಂಡರಿಲ್ಲ, ಪಂಚಾಂಗವಿದ್ದದ್ದು ಹೊಳೆಯಾಚೆಯ ಭಟ್ಟರಲ್ಲಿ. ಅವ್ವನಿಗೆ ಓದು ಬಾರದು. "ಎಳ್ಳಮಾವಾಸ್ಯೆ ಈ ಬರುವ ಭಾನುವಾರ. ಶನಿವಾರವೇ ಬಾ" ಎಂದು ಬರೆದುಬಿಟ್ಟೆ. ಅದೇ ದಿನ ಪೋಸ್ಟಿಗೂ ಹಾಕಿದೆ. ಮಕ್ಕಳಿಗೆ ಸತ್ಯವನ್ನೇ ಹೇಳಿ ಎಂದು ಕಲಿಸುವ ತರಬೇತಿಯಲ್ಲಿದ್ದೆ ನಾನು.

ಶನಿವಾರ ಮಧ್ಯಾಹ್ನ ಹಂಪನಕಟ್ಟೆಯಲ್ಲಿ ಅವ್ವ ಬಸ್ಸಿನಿಂದ ಇಳಿದಳು. ಕಂಕುಳಲ್ಲಿ ಗಂಟು, ಗಂಟಿನಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ. ನಸುಕಿಗೇ ಎದ್ದು ಹೊಳೆ ದಾಟಿ ಬಸ್ ಹಿಡಿದದ್ದಂತೆ. ಮುಖ ಬೆಳ್ಳಗಾಗಿತ್ತು. "ವಾಂತಿ ಬಂತಾ?" ಎಂದೆ. "ಎರಡು ಸಲ. ಪಾಪ, ಕಂಡಕ್ಟರ್ ಒಳ್ಳೆ ಜನ" ಎಂದಳು. ನಾವು ಉಳಿದುಕೊಳ್ಳಬೇಕಾದದ್ದು ಬೋಳಾರದಲ್ಲಿ, ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ದೂರದ ನೆಂಟರೊಬ್ಬರ ಮನೆಯಲ್ಲಿ. ನಾನವರನ್ನು ದೊಡ್ಡಪ್ಪ ಎನ್ನುತ್ತಿದ್ದೆ. ಅವ್ವ ಅಲ್ಲಿ ಗಂಟು ಇಳಿಸಿ, ಒಂದು ಚೊಂಬು ನೀರು ಕುಡಿದು, "ಹೂಂ, ಎಲ್ಲಿಗೆ ಕರ್ಕೊಂಡು ಹೋಗ್ತಿ?" ಎಂದು ಎದ್ದು ನಿಂತಳು.

ಅಪ್ಪ ಹೇಳಿದ್ದು ಸುಳ್ಳೆಂದು ತೋರಿಸುವ ಹಟ ನನಗೆ. ಮಂಗಳೂರಿನಲ್ಲಿ ಕಾಸು ಬಿಚ್ಚದೆ ಸಿಗುವ ಸುಖಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಕೈಯಲ್ಲಿ ಕಾಸಿಲ್ಲದ ಹಾಸ್ಟೆಲಿನ ಹುಡುಗಿಯರಿಗಿಂತ ಚೆನ್ನಾಗಿ ಆ ಊರನ್ನು ಯಾರೂ ಅರಿತಿರಲಾರರು. ಮೊದಲು ದಕ್ಕೆಗೆ, ಸರಕಿನ ಹಡಗುಗಳು ಬಂದು ನಿಲ್ಲುವ ಕಟ್ಟೆಗೆ, ಹೋದೆವು. ಮಂಜಿ ಎನ್ನುವ ದೊಡ್ಡ ದೊಡ್ಡ ಹಾಯಿಹಡಗುಗಳಿಗೆ ಹೆಂಚು ತುಂಬಿಸುತ್ತಿದ್ದರು. ಕೈಯಿಂದ ಕೈಗೆ, ಕೈಯಿಂದ ಕೈಗೆ, ಒಂದೂ ಬೀಳದೆ. ಅವ್ವ ಅಲ್ಲೇ ಒಂದು ಮರದ ದಿಮ್ಮಿಯ ಮೇಲೆ ಕುಳಿತು ಆಟ ನೋಡುವವಳ ಹಾಗೆ ನೋಡಿದಳು. "ಇಷ್ಟೂ ಹೆಂಚು ಎಲ್ಲಿಗೆ?" ಎಂದು ಪಕ್ಕದವನನ್ನು ಕೇಳಿದಳು. ಅವನು ಬೊಂಬಾಯಿಯನ್ನೂ ಇನ್ನೂ ಎರಡು ಮೂರು ಊರುಗಳನ್ನೂ ಹೇಳಿದ. "ನೋಡು, ನಮ್ಮ ಮನೆ ಮಾಡಿಗೆ ಇನ್ನೂ ಮುಳಿಹುಲ್ಲು. ನಮ್ಮ ಊರ ಹೆಂಚು ಬೊಂಬಾಯಿಯವರ ತಲೆ ಮೇಲೆ" ಎಂದು ನಕ್ಕಳು.

ಅಲ್ಲಿಂದ ರೈಲು. ಪ್ಲಾಟ್‌ಫಾರಮ್ಮಿಗೆ ಹೋಗಲು ಟಿಕೆಟು ಬೇಕು, ಬೇಲಿಯ ಈಚೆ ನಿಂತರೆ ಬೇಡ. ಎಂಜಿನು ಕೂಗಿದಾಗ ಅವ್ವ ನನ್ನ ಸೆರಗು ಹಿಡಿದುಕೊಂಡಳು. ಆಮೇಲೆ ಇನ್ನೊಮ್ಮೆ ಕೂಗಲಿ ಎಂದು ಅರ್ಧ ಗಂಟೆ ಕಾದಳು. ಸಂಜೆ ಪಾರ್ಕಿನಲ್ಲಿ ಪುರಸಭೆಯ ರೇಡಿಯೋ ಹಾಡುತ್ತಿತ್ತು. ಕಂಬದ ಮೇಲಿನ ಡಬ್ಬಿಯಿಂದ ಬರುವ ವಾರ್ತೆಯನ್ನು ನೂರಾರು ಜನ ಬಾಯಿ ಮುಚ್ಚಿ ಕೇಳುವುದನ್ನು ಕಂಡು ಅವಳಿಗೆ ಅಚ್ಚರಿಯೋ ಅಚ್ಚರಿ. "ನಿನ್ನ ಅಪ್ಪನ ಬಾಯಿ ಮುಚ್ಚಿಸ್ಲಿಕ್ಕೆ ಇಂಥದ್ದೊಂದು ನಮ್ಮಲ್ಲಿ ಬೇಕಿತ್ತು ಮಾರಾಯ್ತಿ" ಎಂದಳು. ಆ ಸಂಜೆ ಅವಳು ನಕ್ಕಷ್ಟು ಊರಿನಲ್ಲಿ ಒಂದು ವರ್ಷದಲ್ಲಿಯೂ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮನೆಯಲ್ಲಿ ಅವಳಿಗೆ ಕೈ ಮಡಚಿ ಕುಳಿತುಕೊಳ್ಳುವುದೇ ಗೊತ್ತಿರಲಿಲ್ಲ. ಇಲ್ಲಿ ಬೆಂಚಿನ ಮೇಲೆ, ಎರಡೂ ಕೈ ಮಡಿಲಲ್ಲಿಟ್ಟು, ಯಾರದ್ದೋ ಮಕ್ಕಳು ಓಡುವುದನ್ನು ನೋಡುತ್ತ ಕುಳಿತಿದ್ದಳು. 

ಭಾನುವಾರ ಬೆಳಗ್ಗೆ ಬಾವುಟಗುಡ್ಡೆ ಹತ್ತಿಸಿದೆ. ಮೇಲಿನಿಂದ ಅವಳು ಮೊದಲ ಬಾರಿಗೆ ಸಮುದ್ರ ನೋಡಿದಳು. ತೆಂಗಿನ ತಲೆಗಳ ಆಚೆ ಬಿಸಿಲಿಗೆ ಹೊಳೆಯುತ್ತ, ಕಣ್ಣು ಬಿಡಲಾಗದಷ್ಟು ಬೆಳ್ಳಗೆ. ಏನಾದರೂ ಹೇಳುತ್ತಾಳೆಂದು ಕಾದೆ. "ಇದಕ್ಕೆ ಆಚೆ ದಡ ಇಲ್ವಾ?" ಎಂದಳು. ಇಲ್ಲ ಎಂದೆ. "ಹಾಗಾದ್ರೆ ಹುಡುಕುದು ಕಷ್ಟ" ಎಂದಳು. 

ಮಧ್ಯಾಹ್ನ ಊಟವಾದ ಮೇಲೆ ದೊಡ್ಡಪ್ಪ ತಮ್ಮ ಪರಿಚಯದ ದೋಣಿಯವನಿಗೆ ಹೇಳಿ ನಮ್ಮನ್ನು ಹೊಳೆಯಾಚೆಯ ಬೆಂಗ್ರೆಗೆ ಕಳಿಸಿದರು. ಬೆಂಗ್ರೆಯೆಂದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಪಟ್ಟಿ. ದೋಣಿಯವನು ತುಳುವಿನಲ್ಲಿ "ಬಲೆ ಅಕ್ಕ, ಕುಲ್ಲುಲೆ" ಎನ್ನುತ್ತ, ಬನ್ನಿ ಕುಳಿತುಕೊಳ್ಳಿ ಎಂದು ಕೈ ಹಿಡಿದು ಕೂರಿಸಿಕೊಂಡ. ದುಡ್ಡು ಕೊಡಹೋದರೆ, "ಅವ್ವ ಮಗಳು ಸಮುದ್ರ ನೋಡ್ಲಿಕ್ಕೆ ಹೋಗುದಕ್ಕೆ ಎಂತ ದುಡ್ಡು?" ಎಂದು ಬೈದ. ನೇತ್ರಾವತಿ ಕಡಲಿಗೆ ಸೇರುವ ಅಳಿವೆ ಅಲ್ಲಿಂದ ದಕ್ಷಿಣಕ್ಕೆ ಕಾಣುತ್ತಿತ್ತು. ತೋರಿಸಿದೆ. "ಅಲ್ಲಿಂದಲಾ ನಮ್ಮ ಹೊಳೆ ಬರುದು?" ಎಂದು ಅವ್ವ ಸೆರಗು ಹೊದ್ದು ಕೈಮುಗಿದಳು.

ಬಿಸಿಲು ನೆತ್ತಿ ಸುಡುತ್ತಿತ್ತು. ಮರಳು ಅದಕ್ಕಿಂತ ಹೆಚ್ಚು. ಚಪ್ಪಲಿ ಹಾಕದ ಅವ್ವ ಕುಣಿಯುತ್ತ ಓಡಿದಳು. ಒದ್ದೆ ಮರಳು ಶುರುವಾಗುವಲ್ಲಿಗೆ ಬಂದು ಗಕ್ಕನೆ ನಿಂತಳು. ಅಲೆ ಬಂತು, ಎರಡು ಹೆಜ್ಜೆ ಹಿಂದೆ ಸರಿದಳು. ಅಲೆ ಹೋಯಿತು, ಎರಡು ಹೆಜ್ಜೆ ಮುಂದೆ ಹೋದಳು. ಹೊಸ ಸೊಸೆ ಮಾವನೆದುರು ಸರಿದಾಡುವ ಹಾಗೆ ಅವಳು ಆ ಸಮುದ್ರದೆದುರು ಹಿಂದೆ ಮುಂದೆ ಸರಿದಾಡುತ್ತಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಆದರೆ ನೀರು ಅವಳ ಬೆರಳಿಗೂ ತಾಗಲಿಲ್ಲ.

"ಇಳಿ ಅವ್ವ. ಇದಕ್ಕೇ ಅಲ್ವಾ ಬಂದದ್ದು? ಇವತ್ತು ಎಳ್ಳಮಾಸೆ" ಎಂದೆ.

ಅವ್ವ ಮುಖದ ಮೇಲಿನ ಕೂದಲು ಸರಿಸಿಕೊಂಡಳು. "ಎಳ್ಳಮಾಸೆ ಬುಧವಾರ" ಎಂದಳು.

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಿನ್ನೆ ನಸುಕಿಗೆ ಹೊಳೆ ದಾಟುವಾಗ ಗುಡ್ಡೆ ಮೇಲೆ ಚಂದ್ರ ಇತ್ತು. ಇವತ್ತು ಬೆಳಗ್ಗೆ ಇವರ ಬಾವಿಕಟ್ಟೆಯಿಂದ ನೋಡಿದೆ, ಕತ್ತಿಯಷ್ಟು ಇತ್ತು. ಅಮಾಸೆ ದಿವಸ ಚಂದ್ರ ಮೂಡುದುಂಟಾ ಮಾರಾಯ್ತಿ?"

ನನ್ನ ನಗು ಅಲ್ಲಿಗೇ ನಿಂತಿತು. ಕ್ಯಾಲೆಂಡರಿಲ್ಲ, ಪಂಚಾಂಗ ಹೊಳೆಯಾಚೆ, ಅವ್ವನಿಗೆ ಓದು ಬಾರದು ಎಂದು ಲೆಕ್ಕ ಹಾಕಿದ ನಾನು ಆಕಾಶವನ್ನು ಮರೆತಿದ್ದೆ. ಓದಿ ಓದಿ ಮರುಳಾದ ಕೂಚಂಭಟ್ಟ ಎಂದು ಅಪ್ಪ ನನ್ನನ್ನು ಹಂಗಿಸುತ್ತಿದ್ದದ್ದು ಸುಮ್ಮನೆ ಅಲ್ಲ. ದನದ ಹಟ್ಟಿಯ ಕೆಲಸಕ್ಕೆ ದಿನಾ ಕತ್ತಲಲ್ಲೇ ಏಳುವ ಹೆಂಗಸು ಚಂದ್ರನನ್ನು ನೋಡದೆ ಇರುತ್ತಾಳೆಯೇ?

"ನಿನಗೆ ಊರಲ್ಲೇ ಗೊತ್ತಿತ್ತಾ?" ಎಂದೆ.

"ಮತ್ತೆ? ನಿನ್ನ ಅಪ್ಪ ಕಾಗದ ಓದಿದಾಗಲೇ ಗೊತ್ತಾಯ್ತು. ಹುಣ್ಣಿಮೆಯಿಂದ ದಿನ ಎಣಿಸಿದ್ರೆ ಸಾಕಲ್ವಾ?"

"ಗೊತ್ತಿದ್ದೂ ಯಾಕೆ ಬಂದೆ? ಬುಧವಾರವೇ ಬರಬಹುದಿತ್ತಲ್ಲ?"

"ನೀನು ಭಾನುವಾರಕ್ಕೆ ಬಾ ಅಂತ ಬರೆದಿ ಅಲ್ವಾ? ನಿನಗೆ ಭಾನುವಾರ ಬೇಕಿತ್ತು ಅಂತ ಅಷ್ಟೂ ತಿಳಿಯುದಿಲ್ವಾ ನನಗೆ?" ಬೈಯುವ ದನಿಯಲ್ಲಿ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಉಪ್ಪಿನಕಾಯಿ ಸ್ವಲ್ಪ ಖಾರ ಹೆಚ್ಚಾಗಿದೆ ಎನ್ನುವ ಹಾಗೆ ಹೇಳಿದಳು.

ಬುಧವಾರದವರೆಗೆ ನಿಲ್ಲು ಎಂದು ಅಂಗಲಾಚಿದೆ. ಆಗುವುದಿಲ್ಲ. ಮನೆಯಲ್ಲಿ ದನ ಇವತ್ತೋ ನಾಳೆಯೋ ಕರು ಹಾಕುವುದರಲ್ಲಿತ್ತು, ಅಪ್ಪನಿಗೆ ಅದರ ಹತ್ತಿರ ಹೋಗುವುದೇ ಭಯ. ಹಾಗಾದರೆ ಇವತ್ತೇ ಮುಟ್ಟು, ಯಾರು ನೋಡುತ್ತಾರೆ ಎಂದೆ.  "ಅಜ್ಜಿ ಇರುದೇ ಅದರಲ್ಲಿ. ಹೇಳಿಕೊಟ್ಟವಳ ಎದುರೇ ತಪ್ಪು ಮಾಡುದು ಹೇಗೆ?" ಎಂದಳು.  

ಒಣ ಮರಳಿನ ಮೇಲೆ ಇಬ್ಬರೂ ಕುಳಿತೆವು. ಅವ್ವ ಸುತ್ತ ಬಿದ್ದಿದ್ದ ಚಿಪ್ಪುಗಳನ್ನು ಆರಿಸಿದಳು. ಪೂರ್ತಿ ಒಣಗಿದ್ದು ಮಾತ್ರ. ಸ್ವಲ್ಪ ಒದ್ದೆಯಿದ್ದರೂ ಕೈ ಹಿಂದೆಗೆದುಕೊಂಡಳು. ಗಾಳಿ ಎದ್ದಾಗ ತುಂತುರು ನಮ್ಮ ಮುಖಕ್ಕೆ ಬಂತು. ನಾನು ಅವಳ ಮುಖ ನೋಡಿದೆ. "ಅದಾಗಿ ಬಂದದ್ದು, ನಾನು ಮುಟ್ಟಿದ್ದಲ್ಲ" ಎಂದು ನ್ಯಾಯ ಹೇಳಿ, ಮೆಲ್ಲನೆ ತುಟಿ ಸವರಿಕೊಂಡು, "ಉಪ್ಪು ಉಂಟು" ಎಂದಳು. ಹೊತ್ತು ಮುಳುಗುವವರೆಗೆ ಅಲ್ಲೇ ಇದ್ದೆವು. ಅಜ್ಜಿಯ ಸಂಗತಿಗಳನ್ನು ಒಂದೊಂದಾಗಿ ಹೇಳಿದಳು. ಬಾಣಂತನದಲ್ಲಿ ಮೀಯಿಸಿದ್ದು, ಹಲಸಿನ ಹಪ್ಪಳಕ್ಕೆ ಉಪ್ಪು ಹೆಚ್ಚು ಹಾಕಿದ್ದಕ್ಕೆ ಎರಡು ದಿನ ಮಾತು ಬಿಟ್ಟದ್ದು. ಹೇಳುವಾಗ ಅವಳ ಮುಖ ನನ್ನ ಕಡೆಗಿರಲಿಲ್ಲ, ನೀರಿನ ಕಡೆಗಿತ್ತು. ಹತ್ತು ಮಾರು ದೂರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತನ್ನು ತಟ್ಟಿ ಬೀಳಿಸಿದವಳು ನಾನೇ ಎಂದುಕೊಂಡು ಪಕ್ಕದಲ್ಲಿ ಕುಳಿತಿದ್ದೆ.

ಸೋಮವಾರ ಬೆಳಗ್ಗೆ ಮೊದಲ ಬಸ್ಸು. ಕಿಟಕಿಯ ಬಳಿ ಕುಳಿತ ಅವ್ವ ನನ್ನನ್ನು ಹತ್ತಿರ ಕರೆದಳು. "ಬುಧವಾರ ಒಂದು ಸಲ ನೀನೇ ಹೋಗು. ನನ್ನ ಹೆಸರು ಹೇಳಿ ಮುಟ್ಟು. ಮೀಯುದೆಲ್ಲ ಬೇಡ, ಶೀತ ಆದೀತು. ಬಲಗೈ ಸಾಕು. ಹೋಗ್ತಿ ಅಲ್ವಾ?"

"ಖಂಡಿತ ಹೋಗ್ತೇನೆ ಅವ್ವ" ಎಂದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ಬುಧವಾರ ಮಧ್ಯಾಹ್ನದ ಮೇಲೆ ಪಾಠ ಮುಗಿಸಿ ಬಂದೆ. ವಾರ್ಡನ್ ಹತ್ತಿರ ಅಮಾವಾಸ್ಯೆಯ ಕಾರಣ ಹೇಳಿ ಕೇಳಿದ್ದರೆ ಒಂದು ಗಂಟೆ ಬಿಡುತ್ತಿದ್ದರೇನೋ. ಕೇಳಬೇಕೆಂದೇ ಸೆರಗು ಸರಿಮಾಡಿಕೊಂಡು ಹೊರಟಿದ್ದೆ. ಅಷ್ಟರಲ್ಲಿ ಗೆಳತಿಯರು ಕೂಗಿದರು. ಮೈದಾನಕ್ಕೆ ಸರಕಾರದ ಪ್ರಚಾರದ ವ್ಯಾನು ಬಂದಿದೆ, ಬಿಳಿ ಪರದೆ ಕಟ್ಟುತ್ತಿದ್ದಾರೆ, ಪುಕ್ಕಟೆ ಸಿನಿಮಾ, ವಾರ್ಡನ್ನೇ ಎಲ್ಲರನ್ನೂ ಸಾಲಾಗಿ ಕರೆದೊಯ್ಯುತ್ತಾರೆ ಎಂದು. ಅಣೆಕಟ್ಟು ಕಟ್ಟುವುದರ ಬಗ್ಗೆ ಒಂದು ಚಿತ್ರ, ಕೋಳಿ ಸಾಕುವುದರ ಬಗ್ಗೆ ಇನ್ನೊಂದು. ಕೋಳಿಗಳನ್ನು ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಸಮುದ್ರ ಎಲ್ಲಿಗೆ ಓಡಿಹೋಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಅಮಾವಾಸ್ಯೆ ಹೋಗುತ್ತದೆ. ಗುರುವಾರ ಕುಳಿತು ಮನೆಗೆ ಕಾಗದ ಬರೆದೆ. "ನಿನ್ನೆ ಹೋಗಿದ್ದೆ. ಅವ್ವನ ಹೆಸರು ಹೇಳಿ ಮುಟ್ಟಿದೆ." ಈ ಸುಳ್ಳನ್ನು ಹಿಡಿಯುವುದಕ್ಕೆ ಆಕಾಶದಲ್ಲಿ ಏನೂ ಇರಲಿಲ್ಲ.

ಅವ್ವ ಮತ್ತೆ ಮಂಗಳೂರಿಗೆ ಬರಲಿಲ್ಲ. ಮುಂದಿನ ಎಳ್ಳಮಾವಾಸ್ಯೆಗೆ ನನ್ನ ಟ್ರೈನಿಂಗ್ ಮುಗಿದು ಸುಳ್ಯದ ಕಡೆಯ ಶಾಲೆಯೊಂದರಲ್ಲಿ ಕೆಲಸವಾಗಿತ್ತು. ಅದರ ಮುಂದಿನದಕ್ಕೆ ಅವಳಿಗೆ ಕಾಲು ನೋವು. ಅದರ ಮುಂದಿನದಕ್ಕೆ ಅವಳೇ ಇರಲಿಲ್ಲ. ಅದೇ ಕಡವಿನಲ್ಲಿ ಅವಳ ಅಸ್ಥಿಯನ್ನೂ ಬಿಟ್ಟೆವು. ಆಮೇಲೆ ಎಷ್ಟೋ ಎಳ್ಳಮಾವಾಸ್ಯೆಗಳಿಗೆ ನಾನು ಬೆಂಗ್ರೆಗೆ ಹೋಗಿದ್ದೇನೆ, ಮೊಣಕಾಲಿನವರೆಗೆ ಇಳಿದಿದ್ದೇನೆ, ಅವಳ ಹೆಸರು ಹೇಳಿದ್ದೇನೆ, ಅಜ್ಜಿಯ ಹೆಸರೂ ಹೇಳಿದ್ದೇನೆ. ಆ ಒಂದು ಭಾನುವಾರದ ಬಿಸಿಲು ಮತ್ತೆ ಸಿಕ್ಕಿಲ್ಲ. ಪಕ್ಕದಲ್ಲಿ ಅವಳು ಹಿಂದೆ ಮುಂದೆ ಸರಿದಾಡುತ್ತಿದ್ದರೆ ಎಂದು ಪ್ರತಿ ಸಲವೂ ತಿರುಗಿ ನೋಡುತ್ತೇನೆ.

ಹೇಳಬೇಕಾದದ್ದು ಇನ್ನೊಂದಿದೆ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಆ ವರ್ಷ ಬೇಸಗೆ ರಜೆಗೆ ಊರಿಗೆ ಹೋದಾಗ ಅವ್ವ ಹಟ್ಟಿಯಲ್ಲಿದ್ದಳು. ಎಳ್ಳಮಾಸೆಯ ವಾರ ಹುಟ್ಟಿದ ಕರು ಅವಳ ಸೀರೆ ಜಗಿಯುತ್ತಿತ್ತು. ನನ್ನನ್ನು ಕಂಡವಳೇ ಸೆಗಣಿಯ ಕೈ ತೊಳೆದು, ಸೆರಗಿಗೆ ಒರಸಿಕೊಂಡು ಬಂದು, ನನ್ನ ಬಲಗೈ ಹಿಡಿದುಕೊಂಡಳು.

"ಈ ಕೈಯಲ್ಲಿ ಅಲ್ವಾ ಮುಟ್ಟಿದ್ದು?"

"ಹೂಂ."

"ನೀರು ತಣ್ಣಗಿತ್ತಾ?"

"ಹೂಂ ಅವ್ವ."

ಅವಳು ನನ್ನ ಅಂಗೈಯನ್ನು ಬಿಡಿಸಿ ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ತುಂಬ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಬಿಟ್ಟಾಗ ಅಂಗೈ ಒದ್ದೆಯಾಗಿತ್ತು. ಆ ಎಳ್ಳಮಾವಾಸ್ಯೆಯ ಲೆಕ್ಕದಲ್ಲಿ ನನ್ನ ಬಲಗೈಗೆ ತಾಗಿದ ಉಪ್ಪುನೀರು ಅದೊಂದೇ.